ಕೂಡ್ಲಿಕ್ಕ ಜಾಗ

ಭಾಲ್ಕಿಯ ಪೇಟೆ ರಸ್ತೆಯನ್ನು ಚಂದ ಮಾಡುವ ನಕ್ಷೆ ಬರೆಯುವ ಕೆಲಸ ನನ್ನ ಪಾಲಿಗೆ ಬಂದಿತ್ತು. ಟೇಪು ಹಿಡಿದು ಅಳೆಯುತ್ತಿದ್ದಾಗ, ಅಂಗಡಿಯ ಮೆಟ್ಟಿಲ ಮೇಲೆ ಕೂತಿದ್ದ ನಿವೃತ್ತ ನರ್ಸಮ್ಮ ಒಬ್ಬರು ನಕ್ಷೆ ಇಸಿದುಕೊಂಡು ನೋಡಿದರು.

"ದೀಪ ಅವ, ಹೂವಿನ ಕುಂಡ ಅವ. ಕೂಡ್ಲಿಕ್ಕ ಜಾಗ ಎಲ್ಲಿ ಅದರಿ?"

ಇರಲಿಲ್ಲ. ನನಗೆ ನಾಚಿಕೆಯಾಯಿತು.

"ಬಸ್ ಸ್ಟ್ಯಾಂಡಿನಿಂದ ಮನಿ ಮುಟ್ಟೋದ್ರಾಗ ನಾ ಮೂರು ಕಡಿ ಕೂಡ್ತೇನಿರಿ," ಎಂದರು.

"ಎಲ್ಲೆಲ್ಲಿ ಅಂತ ತೋರಸ್ತೀರೇನ್ರಿ ಅಮ್ಮಾ?"

ಅವರ ಜೊತೆ ನಡೆದು, ಅವರು ಕೂತಲ್ಲೆಲ್ಲ ಸುಣ್ಣದ ಗುರುತು ಹಾಕಿದೆ. ಪುರಸಭೆಯ ನಮ್ಮ ಸಾಹೇಬರು ಮೂರನ್ನೂ ಒಪ್ಪಿದರು. ಕಲ್ಲಿನ ಬೆಂಚುಗಳು ಬಂದವು.

ಮೊನ್ನೆ ಹೋದಾಗ ಮೂರೂ ತುಂಬಿದ್ದವು. ಒಂದರ ಮೇಲೆ ಅವರೇ ಇದ್ದರು, ಪಕ್ಕದಲ್ಲಿ ಇಬ್ಬರು ಗೆಳತಿಯರು.

"ನಿಮ್ಮ ಕಾಲು ಇನ್ನಾ ಗಟ್ಟಿ ಅವಲ್ರಿ, ನಿಂತೇ ಮಾತಾಡ್ರಿ," ಎಂದು ನಕ್ಕರು.

ಅರ್ಧ ತಾಸು ನಿಂತೇ ಮಾತಾಡಿದೆ. ಬೇಸರವೇನೂ ಆಗಲಿಲ್ಲ. ಆದರೂ ಮುಂದಿನ ನಕ್ಷೆಯಲ್ಲಿ ಬೆಂಚು ನಾಲ್ಕು.