ಬೋರಲು ಹಾಕಿದ ತಟ್ಟೆ

ಮೊನ್ನೆ ಡಬ್ಲಿನ್ನಿನಿಂದ ರೇಡಿಯೋದ ಹುಡುಗಿಯೊಬ್ಬಳು ನಮ್ಮ ರಾಸ್ಕಾಮನ್ನಿಗೆ ಬಂದು, ಪಕ್ಕದ ಮನೆಯ ಡೀಲಿಯಾಳ ಬಾಯಿಗೆ ಮೈಕು ಹಿಡಿದು, ಸೌವಿನ್ ಹಬ್ಬವೆಂದರೆ ನಿಮಗೆ ವೈಯಕ್ತಿಕವಾಗಿ ಏನು ಎಂದು ಕೇಳಿದಳು. ಡೀಲಿಯಾ ಸ್ವಲ್ಪ ಯೋಚಿಸಿ, "ಆಲೂಗಡ್ಡೆ" ಎಂದಳು. ಪಾಪ, ಪುರಾತನ ಕಾಲದ ಗುಟ್ಟು ಕೇಳಲು ಬಂದ ಹುಡುಗಿ ಮುಖ ಸಣ್ಣ ಮಾಡಿಕೊಂಡು ಹೋದಳು. ನನ್ನನ್ನು ಕೇಳಿದ್ದರೆ ಎಲ್ಲ ಹೇಳುತ್ತಿದ್ದೆ. ನನ್ನನ್ನು ಯಾರು ಕೇಳುತ್ತಾರೆ!

ಡೀಲಿಯಾಳ ಗಂಡ ಫಿಂಟನ್ ಹಟಮಾರಿಗಳಿಗೆಲ್ಲ ಗುರು. ಹೊಲದ ಬೇಲಿಯ ವಿಷಯಕ್ಕೆ ನೆರೆಯ ಕುಂಟುಗಾಲಿನ ಮಲಕಿಯ ಜೊತೆ ಜಗಳ ತೆಗೆದವನು ಸಾಯುವಾಗಲೂ ಅದನ್ನು ಬಿಡಲಿಲ್ಲ. ಪಾದ್ರಿ ಆಚೆ ಹೋಗುವುದನ್ನೇ ಕಾದು, ಹೆಂಡತಿಯ ಕೈ ಹಿಡಿದು ಆಣೆ ಮಾಡಿಸಿಕೊಂಡ: ಮಲಕಿಯ ಜೊತೆ ಮಾತಾಡಕೂಡದು, ಅವನನ್ನು ಮನೆಗೆ ಕರೆಯಕೂಡದು. ಸಾಯುವವನಿಗೆ ಇಲ್ಲ ಎನ್ನುವುದು ಹೇಗೆ? ಆಣೆ ಮಾಡಿದಳು. ಆದರೆ ಹಸುವಿನ ಜೊತೆ ಮಾತಾಡಬೇಡ ಎಂದು ಅವನು ಹೇಳಿರಲಿಲ್ಲವಲ್ಲ. ಡೀಲಿಯಾ ಬೇಲಿಯ ಹತ್ತಿರ ನಿಂತು ತನ್ನ ಹಸುವಿಗೆ, ನಾಳೆ ಮಳೆಯಂತೆ ಕಣೇ ಎನ್ನುವಳು. ಬೇಲಿಯಾಚೆ ಮಲಕಿ ತನ್ನ ನಾಯಿಗೆ, ಹೌದಂತೆ ಕಣೋ ಎನ್ನುವನು. ಹೀಗೆ ವರ್ಷಗಳು ಕಳೆದವು. ಅವನೂ ಒಂಟಿ, ಇವಳೂ ಒಂಟಿ.

ಸೌವಿನ್ ರಾತ್ರಿ ಮನೆಯ ಸತ್ತವರು ಬರುತ್ತಾರೆ. ಒಲೆಯ ಮುಂದೆ ಕುರ್ಚಿ ಹಾಕಿ, ಬೆಣ್ಣೆ, ಎಲೆಕೋಸು ಸೇರಿಸಿ ಕಲಸಿದ ಆಲೂಗಡ್ಡೆಯ ತಟ್ಟೆ ಇಟ್ಟು, ಬಾಗಿಲ ಚಿಲಕ ತೆಗೆದು ಬೇಗ ಮಲಗಿಬಿಡಬೇಕು. ಇಣುಕಬಾರದು, ಬಂದವರು ಯಾರೆಂದು ಕೇಳಬಾರದು. ನಮ್ಮೆಲ್ಲರ ಮನೆಯಲ್ಲಿ ಬೆಳಗ್ಗೆ ತಟ್ಟೆ ತುಂಬಿಯೇ ಇರುತ್ತದೆ, ಕೋಳಿಗಳಿಗೆ ಹಾಕುತ್ತೇವೆ. ಫಿಂಟನ್ ಸತ್ತ ವರ್ಷ ಡೀಲಿಯಾ ಇಟ್ಟ ತಟ್ಟೆ ಮಾತ್ರ ಖಾಲಿಯಾಗಿ, ತೊಳೆದು ಬೋರಲು ಹಾಕಿತ್ತು. ಆಮೇಲೆ ಪ್ರತಿ ವರ್ಷವೂ ಹಾಗೆಯೇ. ಊರು ಮೂಗಿನ ಮೇಲೆ ಬೆರಳಿಟ್ಟಿತು. ಡೀಲಿಯಾ ಹಬ್ಬಕ್ಕೆ ವಾರ ಮೊದಲೇ, ಈ ಸಲ ಹಂದಿಮಾಂಸವೂ ಉಂಟು ಎಂದು ಹಸುವಿಗೆ ಹೇಳತೊಡಗಿದಳು. ಇನ್ನೊಬ್ಬರಿಗಾಗಿ ಅವಳು ಒಲೆ ಹಚ್ಚುತ್ತಿದ್ದುದು ಆ ಒಂದು ದಿನ. ಉಳಿದ ದಿನಗಳಿಗೆ ಬ್ರೆಡ್ಡು, ಚಹಾ ಸಾಕಾಗುತ್ತಿತ್ತು.

ಸುದ್ದಿ ಫಿಂಟನ್‌ನ ಅಕ್ಕ ಅಟ್ರಾಕ್ಟಾಳ ಕಿವಿಗೆ ಬಿತ್ತು. ತಮ್ಮನ ಜಗಳವನ್ನು ತಮ್ಮನಿಗಿಂತ ಜೋಪಾನವಾಗಿ ಇಟ್ಟುಕೊಂಡವಳು ಅವಳು. ಒಂದು ಹಬ್ಬದ ಸಂಜೆ ಪೆಟ್ಟಿಗೆ ಹಿಡಿದು ಬಂದೇಬಿಟ್ಟಳು. ತಾನು ಒಲೆಯ ಪಕ್ಕದಲ್ಲೇ ಮಲಗುವುದಾಗಿಯೂ, ಒಡಹುಟ್ಟಿದವಳಿಗೆ ಯಾವ ಕಟ್ಟಳೆಯೂ ಇಲ್ಲವೆಂದೂ ಹೇಳಿದಳು. ರಾತ್ರಿ ಬರುವ ಮಲಕಿ ಸಿಕ್ಕಿಬಿದ್ದರೆ ಡೀಲಿಯಾಳಿಗೆ ಆಣೆ ಮುರಿದವಳೆಂದು ಹೆಸರು ಬರುತ್ತದೆ. ಅದು ಹೋಗಲಿ, ವರ್ಷಕ್ಕೊಂದು ತಟ್ಟೆಯ ಆ ನಂಟೂ ಹೋಗುತ್ತದೆ. ಡೀಲಿಯಾ ಬೇಲಿಗೆ ಓಡಿ, ಮನೆಗೆ ನೆಂಟರು ಬಂದಿದ್ದಾರೆ ಎಂದು ಹಸುವಿಗೆ ಕೂಗಿ ಕೂಗಿ ಹೇಳಿದಳು. ನನ್ನ ಅಡುಗೆಮನೆಗೂ ಕೇಳಿಸಿತು. ಕೇಳಬೇಕಾದವನು ಮಾತ್ರ ದನದ ಸಂತೆಯಿಂದ ಇನ್ನೂ ಬಂದಿರಲಿಲ್ಲ.

ಬೆಳಗ್ಗೆ ಡೀಲಿಯಾ ಎದ್ದು ನೋಡಿದರೆ ತಟ್ಟೆ ಎಂದಿನಂತೆ ಬೋರಲು. ಅಟ್ರಾಕ್ಟಾ ಕಾಲಿಗೆ ಕಂಬಳಿ ಹೊದ್ದು ಚಹಾ ಕುಡಿಯುತ್ತಿದ್ದಳು.

"ಬಂದಿದ್ನಾ ಅತ್ತಿಗೆ?" ಡೀಲಿಯಾ ಕೇಳಿದಳು.

"ಬಂದಿದ್ದ. ಅರೆಗಣ್ಣಲ್ಲಿ ನೋಡ್ದೆ. ಸತ್ಮೇಲೆ ಯಾಕೋ ಕುಂಟ್ತಾನೆ." ಅಟ್ರಾಕ್ಟಾ ಇನ್ನೊಂದು ಗುಟುಕು ಕುಡಿದಳು. "ತಿಂದ. ತಟ್ಟೆ ತೊಳ್ದ. ನಂಗೆ ಚಳಿ ಆಗ್ಬಾರ್ದು ಅಂತ ಈ ಕಂಬಳಿ ಹೊದಿಸ್ದ. ನಮ್ಮ ಫಿಂಟನ್ ಹುಟ್ಟಿದಾಗಿಂದ ಒಂದು ಲೋಟ ತೊಳ್ದವನಲ್ಲ ಕಣೇ. ಸತ್ತು ಮನುಷ್ಯ ಆಗಿದಾನೆ."

ಡೀಲಿಯಾ ಬೋರಲು ಹಾಕಿದ್ದ ತಟ್ಟೆಯನ್ನು ಎತ್ತಿಟ್ಟಳು.

"ಇಷ್ಟು ಸುಧಾರಿಸಿದವನು ಹಳೇ ಆಣೆ ಹಿಡ್ಕೊಂಡು ಕೂತಿರ್ತಾನಾ? ಹೋಗು, ಆಲೂಗಡ್ಡೆ ಬೇಯೋಕಿಡು."

ಡೀಲಿಯಾ ಆಲೂಗಡ್ಡೆ ಬೇಯಲಿಟ್ಟು ಬೇಲಿಗೆ ಹೋದಳು. ಆಚೆ ಮಲಕಿ ನಾಯಿಯ ಜೊತೆ ನಿಂತಿದ್ದ. ಹಸು ಅಭ್ಯಾಸದಂತೆ ಅವಳ ಮಾತು ಕೇಳಲು ಹತ್ತಿರ ಬಂತು. ಅವಳು ಅದನ್ನು ಪಕ್ಕಕ್ಕೆ ಸರಿಸಿದಳು.

"ಮಲಕಿ," ಎಂದಳು, "ಇಷ್ಟು ವರ್ಷ ತಣ್ಣಗಾಗಿದ್ದೇ ತಿಂದೆ. ಬಾ, ಒಂದ್ಸಲನಾದ್ರೂ ಬಿಸಿ ತಿನ್ನು."