ತಪ್ಪಾತ್ರಿ ಅಂದ ಸೆಕ್ರೆಟರಿ

ಹೋದ ವಾರ ಹುಬ್ಬಳ್ಳಿ ದೇಶಪಾಂಡೆ ನಗರದಾಗ ಒಂದು ಮುಂಜಿವಿ ಊಟಕ್ಕ ಹೋಗಿದ್ದೆ. ಬಾಜೂಕ ಕೂತ ವಕೀಲರ ಹೆಂಡತಿ ತಮ್ಮ ಮನಿಯ ಹೊಸಾ ಕಪಾಟಿನ ಸುದ್ದಿ ತಗದ್ರು. "ಮಾಡಿದವ ಯಾರು ಗೊತ್ತೇನ್ರಿ? ರೈಲ್ವೆ ವರ್ಕ್‌ಶಾಪಿನ ಮಾಫಿ ಮಡಿವಾಳಪ್ಪ. ಹಿಂದಕ್ಕ ಕಾಲೇಜ್ ಕಲೀತಿದ್ನಂತ. ಸಾಹೇಬನ ಕಾಲು ಹಿಡದು ಮಾಫಿ ಕೇಳಿದ್ದಕ್ಕ ಆ ಹೆಸರು ಬಿತ್ತಂತ" ಅಂದು ನಕ್ಕರು. ಪಂಕ್ತಿ ನಡುವ ಏಳಬಾರದಂತ ಕೂತೆ, ಇಲ್ಲಾಂದ್ರ ಎಲಿ ಬಿಟ್ಟು ಎದ್ದು ಬರ್ತಿದ್ದೆ.

ನನ್ನ ಸಿಟ್ಟು ಧಾರವಾಡದ ಮಾಳಮಡ್ಡಿಗೆಲ್ಲಾ ಗೊತ್ತದ. ನಾ ಕಲಸೂ ಸಾಲ್ಯಾಗ ಹುಡುಗ್ಯಾರು ರಜನಿಬಾಯಿ ಅನ್ನೂದು ಬಿಟ್ಟು ಮೆಣಸಿನಕಾಯಿ ಬಾಯಿ ಅಂತಾರ, ಅದೂ ಗೊತ್ತದ. ಅನ್ಲಿ. ಆದ್ರ ಆ ದಿನ ಸಾಹೇಬನ ಖೋಲ್ಯಾಗ ಇದ್ದವರು ನಾಕೇ ಮಂದಿ, ಅದರಾಗ ನಾನೊಬ್ಬಾಕಿ. ಕಂಡವರು ಬಾಯಿ ಮುಚ್ಚಿಕೊಂಡು ಕೂತ್ರ ಕಾಣದವರು ಹಿಂಗ ಕಪಾಟಿನ ಜೋಡಿ ಒಬ್ಬನ ಮಾನಾನೂ ಸುದ್ದಿ ಮಾಡ್ತಾರ. ಅದಕ್ಕ ಹೇಳ್ತೀನಿ, ಕೇಳ್ರಿ.

ಸಾವಿರದ ಒಂಬೈನೂರಾ ನಲವತ್ತನೇ ಇಸವಿ. ಮಡಿವಾಳಪ್ಪ ಬಡಿಗೇರ ನಮ್ಮ ಓಣ್ಯಾಗ ಒಂದು ಖೋಲಿ ಹಿಡದು, ತಾನ ಅಡಿಗಿ ಮಾಡಿಕೊಂಡು ಧಾರವಾಡ ಕಾಲೇಜಿನ್ಯಾಗ ಬಿ.ಎ. ಕಲೀತಿದ್ದ, ನಾನೂ ಅಲ್ಲೇ ಕಲೀತಿದ್ದೆ. ಅಪ್ಪ ಹುಬ್ಬಳ್ಳಿ ವರ್ಕ್‌ಶಾಪಿನ್ಯಾಗ ಬಡಿಗತನ ಮಾಡ್ತಿದ್ದ. ಆ ಮನಿತನದಾಗ ಕಾಲೇಜಿನ ಮೆಟ್ಟಲಾ ಹತ್ತಿದವ ಇವನ ಮೊದಲು. ಬಡಿಗ್ಯಾರ ಮನ್ಯಾಗ ಉಳಿ, ಬಾಚಿ ಎಲ್ಲಾ ದೇವರು, ಅವಕ್ಕ ಕಾಲು ತಾಕಬಾರದು. ಹುಡುಗನ ಮೈಯಾಗ ಅದು ಹ್ಯಾಂಗ ಹೊಕ್ಕಿತ್ತು ಅಂದ್ರ, ಪುಸ್ತಕಕ್ಕ, ಕುರ್ಚಿಗೆ, ಮಂದಿ ಛತ್ರಿಗೆ, ಯಾವುದಕ್ಕ ಕಾಲು ತಾಕಿದ್ರೂ ಬಗ್ಗಿ ಮುಟ್ಟಿ ಕಣ್ಣಿಗೆ ಒತ್ತಿಕೊಂಡು "ತಪ್ಪಾತ್ರಿ" ಅಂತಿದ್ದ. ನಾವೆಲ್ಲಾ ಅಂತೀವಿ, ಖರೇ. ಆದ್ರ ಇವ ಒಮ್ಮೆ ಮಲಗಿದ ನಾಯಿಗೂ ಅಂದಿದ್ದ. ಅವತ್ತು ನಾವು ನಕ್ಕಿದ್ದು ಅಷ್ಟಿಷ್ಟಲ್ಲ.

ನಮ್ಮ ವಿದ್ಯಾರ್ಥಿ ಸಂಘ ಆಗ ಹೆಸರಿಗೆ ಮಾತ್ರ ಇತ್ತು. ವರ್ಷಕ್ಕೊಮ್ಮೆ ಒಂದು ಭಾಷಣ, ಒಂದು ಚಹಾ, ಮುಗೀತು. ಮಡಿವಾಳಪ್ಪ ಸೆಕ್ರೆಟರಿ ಆದ ಮ್ಯಾಲ ಅದನ್ನ ಅಖಿಲ ಭಾರತ ವಿದ್ಯಾರ್ಥಿ ಮಹಾಮಂಡಳಕ್ಕ ಸೇರಿಸಿದ. ಅವರ ಸಂಘಟಕ ರಮಾಕಾಂತ ಅಂತ ಮುಂಬಯಿಯಿಂದ ಬಂದ್ರು. ತೆಳ್ಳಗಿನ ಮನಷ್ಯಾ, ತಾಯಿ ಬೆಳಗಾವಿಯವರು, ಅದಕ್ಕ ಕನ್ನಡ ಬರ್ತಿತ್ತು. ಸಭಾ ಹ್ಯಾಂಗ ಕರೀಬೇಕು, ಹಿಂದ ಕೂತವರ ಬಾಯಿ ಹ್ಯಾಂಗ ಬಿಡಿಸಬೇಕು, ಠರಾವು ಹ್ಯಾಂಗ ಮಾಡಬೇಕು ಅಂತ ಕೂಡಿಸಿಕೊಂಡು ಕಲಿಸಿದ್ರು. "ಮಹಾಮಂಡಳ ನಿಮಗ ಹುಕುಂ ಕೊಡೂದಿಲ್ಲ. ನಿಮ್ಮ ಸಭಾದಾಗ ನೀವು ಠರಾವು ಮಾಡ್ರಿ, ನಿಮ್ಮ ಬೆನ್ನಿಗೆ ಉಳಿದ ಊರಿನ ಸಂಘಗಳನ್ನ ನಿಂದರಸೂದು ನಮ್ಮ ಕೆಲಸ" ಅಂದ್ರು. ಎರಡು ಮಾತು ಮಾತ್ರ ಕಡ್ಡಾಯ ಅಂತ ಹೇಳಿದ್ರು. ಮೇಲಿನವರ ಹಂತ್ಯಾಕ ಒಬ್ಬರ ಹೋಗಬಾರದು, ಇಬ್ಬರು ಹೋಗಬೇಕು. ಮತ್ತ, ಯಾರ ಮ್ಯಾಲ ಶಿಕ್ಷಾ ಬಿದ್ದದೋ ಅವರು ತಾವ ಒಪ್ಪದ ಯಾವ ರಾಜಿನೂ ರಾಜಿ ಅಲ್ಲ.

ಜನವರಿ ಇಪ್ಪತ್ತಾರಕ್ಕ, ಆಗ ಅದನ್ನ ಸ್ವಾತಂತ್ರ್ಯ ದಿನ ಅಂತಿದ್ವಿ, ಬಾಳಕೃಷ್ಣ, ಮೌಲಾಲಿ ಅಂತ ಇಬ್ಬರು ಕಾಲೇಜಿನ ಗೇಟಿಗೆ ತಿರಂಗಿ ಝೇಂಡಾ ಕಟ್ಟಿದ್ರು. ಪ್ರಿನ್ಸಿಪಾಲ ಸಾಹೇಬ ವಿಲಾಯತಿಯವ, ಕನ್ನಡ ಒಂದಕ್ಷರ ಬರ್ತಿರಲಿಲ್ಲ. ಇಬ್ಬರಿಗೂ ಟರ್ಮ್ ಕೊಡೂದಿಲ್ಲ ಅಂದ. ಟರ್ಮ್ ಇಲ್ಲಾಂದ್ರ ಬಿ.ಎ. ಪರೀಕ್ಷಾಕ್ಕ ಕೂಡಲಿಕ್ಕೆ ಬರೂದಿಲ್ಲ. ಬಾಳಕೃಷ್ಣನ ಅಪ್ಪ ತೀರಿಕೊಂಡಿದ್ದ. ಮೌಲಾಲಿ ತಾಯಿ ಅಮೀನಾಬಿ ಮಂದಿ ಅರವಿ ಹೊಲದು ಇವನ್ನ ಓದಿಸ್ಲಿಕ್ಕತ್ತಿದ್ಲು. ಇಬ್ಬರ ಮನ್ಯಾಗೂ ಇನ್ನೊಂದು ವರ್ಷ ಕಾಯೂ ತ್ರಾಣ ಇರಲಿಲ್ಲ.

ನಾವು ಸಭಾ ಕೂಡಿ ಹರತಾಳದ ಠರಾವು ಮಾಡಿದ್ವಿ, ಮಹಾಮಂಡಳದ ಸಹಾಯ ಕೇಳಿದ್ವಿ. ಧಾರವಾಡ ಗಟ್ಟಿ ನಿಂತ್ರ, ಬರೂ ಗುರುವಾರ ಮುಂಬಯಿ, ಪುಣೆ, ಬೆಳಗಾವಿ ಎಲ್ಲಾ ಕಡೆ ನಮ್ಮ ಹೆಸರಿನ ಮ್ಯಾಲ ಕಾಲೇಜ್ ಬಂದ್ ಮಾಡಸ್ತೀವಿ ಅಂತ ಮುಂಬಯಿಯಿಂದ ತಾರು, ಅಂದ್ರ ಟೆಲಿಗ್ರಾಮ್, ಬಂತು. ಅದಕ್ಕಿಂತ ಮೊದಲ ಸಾಹೇಬನ ಜೋಡಿ ಒಮ್ಮೆ ಮಾತಾಡಿ ನೋಡ್ರಿ ಅಂದ್ರು ರಮಾಕಾಂತ. ಹಿಂಗಾಗಿ ಸೋಮವಾರ ಮಡಿವಾಳಪ್ಪ, ನಾನು, ಇಬ್ಬರೂ ಸಾಹೇಬನ ಖೋಲಿಗೆ ಹೋದ್ವಿ.

ಮಡಿವಾಳಪ್ಪ ಚಪ್ಪಲಿ ಹೊರಗ ಬಿಟ್ಟ. ಒಳಗ ಸಾಹೇಬ, ಮಗ್ಗಲದಾಗ ಹೆಡ್ ಕ್ಲರ್ಕ. ಮಡಿವಾಳಪ್ಪ ಇಂಗ್ಲೀಷಿನ್ಯಾಗ ಛಂದಾಗಿ ಮಾತಾಡಿದ, ಒಂದು ಮಾತೂ ತಗ್ಗಿಸಲಿಲ್ಲ. ಸಾಹೇಬನ ಮಾರಿ ಕೆಂಪಾತು. ಎದ್ದು, ಟೇಬಲ್ ಸುತ್ತು ಹಾಕಿ ಬಂದು, ಬಾಗಲಾ ತೋರಿಸಿದ. ಇವ ಹಿಂದಕ್ಕ ಸರೀಲಿಕ್ಕೆ ಹೋದಾಗ ಇವನ ಕಾಲು ಸಾಹೇಬನ ಬೂಟಿಗೆ ತಾಕಿತು. ತಾಕಿದ್ದ ತಡ, ಬಗ್ಗಿದ, ಬೂಟು ಮುಟ್ಟಿದ, ಕಣ್ಣಿಗೆ ಒತ್ತಿಕೊಂಡ. "ತಪ್ಪಾತ್ರಿ" ಅಂದ.

ಸಾಹೇಬ ಕ್ಲರ್ಕನ ಕಡೆ ನೋಡಿ, ಏನಂದ ಇವ ಅಂತ ಕೇಳಿದ. ಕ್ಲರ್ಕ ಶಬ್ದಕ್ಕ ಶಬ್ದ ಜೋಡಿಸಿ, "ತನ್ನ ಕಡೆಯಿಂದ ತಪ್ಪು ಆಗಿದೆ ಎನ್ನುತ್ತಾನೆ" ಅಂತ ಇಂಗ್ಲೀಷಿನ್ಯಾಗ ಹೇಳಿದ. ಸಾಹೇಬನ ಮಾರಿ ಒಮ್ಮಿಂದೊಮ್ಮೆ ಅರಳಿತು. ಅದು ಹಂಗಲ್ಲ, ಬೂಟಿಗೆ ಕಾಲು ತಾಕಿದ್ದಕ್ಕ ಅಂದದ್ದು ಅಂತ ನಾ ಎರಡು ಸರ್ತೆ ಒದರಿದೆ. ಸಾಹೇಬ ಘಂಟಿ ಬಾರಿಸಿ ಪಟ್ಟೇವಾಲಾನ್ನ ಕರದ. ನಮ್ಮನ್ನ ಹೊರಗ ಹಾಕಿದ್ರು.

ಮರುದಿನ ನೋಟೀಸ ಬೋರ್ಡಿನ ಮ್ಯಾಲ ಬಂತು. ವಿದ್ಯಾರ್ಥಿ ಸಂಘದ ಸೆಕ್ರೆಟರಿ ವಿದ್ಯಾರ್ಥಿಗಳೆಲ್ಲರ ಪರವಾಗಿ ಕ್ಷಮೆ ಕೇಳಿದ್ದಾನೆ, ಹರತಾಳ ಮುಗಿದಂತೆ ಅಂತ. ಪೇಪರಿನವರೂ ಹಂಗಂಗ ಛಾಪಿಸಿದ್ರು. ಮಧ್ಯಾಹ್ನದೊಳಗ ಮಾಫಿ ಮಡಿವಾಳಪ್ಪ ಅನ್ನೂ ಹೆಸರು ಹುಟ್ಟಿತು. ಇನ್ನ ಮಂದಿ ಬಾಯಿ ಕೇಳಬೇಕ?

ಕಾಲೇಜಿನ ಆವಾರದಾಗ ಸಭಾ ಕೂಡಬಾರದಂತ ಹುಕುಂ ಆಗಿತ್ತು, ಅದಕ್ಕ ಸಂಜೀಕ ಕೆಲಗೇರಿ ಕೆರಿ ಏರಿ ಮ್ಯಾಲ ಕರದಿದ್ವಿ. ದಾರ್ಯಾಗ ಮಡಿವಾಳಪ್ಪ ಸಾವಕಾಶ ಅಂದ, "ಬಾಯಾರ, ಹೆಡ್ ಕ್ಲರ್ಕ ನನ್ನ ಖೋಲಿಗೆ ಬಂದಿದ್ರು. ನಾ ಸುಮ್ಮ ಇದ್ರ ಸಾಕಂತ. ನನ್ನ ಟರ್ಮ್ ಸಿಗತೈತಿ. ಸುಳ್ಳು ಅಂತ ಬಾಯಿ ಬಿಟ್ರ ನನ್ನ ಹೆಸರೂ ಹೊಡೀತಾರಂತ."

"ನೀವು ಏನಂದ್ರಿ?" ಅಂದೆ.

"ಏನೂ ಅಂದಿಲ್ರಿ. ನಮ್ಮಪ್ಪ ವರ್ಕ್‌ಶಾಪಿನ್ಯಾಗ ಎಲ್ಲಾರಿಗೂ ಹೇಳ್ಯಾನ, ಮಗಾ ಬಿ.ಎ. ಆಗ್ತಾನಂತ. ಅದ ನೆನಪ ಬರಾಕತ್ತೈತಿ."

ಬೈಯಬೇಕಂತ ಬಾಯಿ ತಗದಾಕಿ ಮುಚ್ಚಿದೆ. ಏನಂತ ಬೈಯಲಿ? ಮೂರು ವರ್ಷ ತಾನ ರೊಟ್ಟಿ ಬಡಕೊಂಡು ಓದಿದವ.

ಏರಿ ಮ್ಯಾಲ ಮಂದಿ ಕುದೀಲಿಕ್ಕತ್ತಿದ್ರು. ರಮಾಕಾಂತರ ಮಾರಿ ಬಿಗದಿತ್ತು. ತಾರು ಆಫೀಸ ಮುಚ್ಚೂದ್ರಾಗ ಅವರು ಮುಂಬಯಿಗೆ ಜವಾಬು ಕೊಡಬೇಕಾಗಿತ್ತು, ಧಾರವಾಡ ಗಟ್ಟಿ ಅದನೋ ಇಲ್ಲೋ ಅಂತ. "ಮಡಿವಾಳಪ್ಪ, ನೇರ ಕೇಳ್ತೀನಿ. ಸಾಹೇಬನ ಕಾಲು ಮುಟ್ಟಿದ್ರೋ ಇಲ್ಲೋ?" ಅಂದ್ರು.

"ಮುಟ್ಟೇನ್ರಿ."

"ತಪ್ಪಾತು ಅಂದ್ರೋ ಇಲ್ಲೋ?"

"ಅಂದೇನ್ರಿ."

ಅಷ್ಟಕ್ಕ ಎಲ್ಲಾರೂ ಎದ್ದರು. ನಾ ಖೋಲ್ಯಾಗ ಕಂಡದ್ದು ಹೇಳಲಿಕ್ಕೆ ಹೋದ್ರ, "ಬಾಯಾರು ಸೆಕ್ರೆಟರಿ ಪರ ಹೇಳಾಕ ಬಂದಾರ" ಅಂತ ಯಾವನೋ ಕುಚೋದ್ಯ ಮಾಡಿದ. ಯಜ್ಞೇಶ್ವರ ಅಂತ ಒಬ್ಬ ಧಡೂತಿ ಹುಡುಗ ಎಲ್ಲಾರಕಿಂತ ಜೋರು ಮಾಡ್ಲಿಕ್ಕತ್ತಿದ್ದ. ದ್ರೋಹಿ, ಅವನ್ನ ತಗೀರಿ ಅಂತ ಒದರಿಕೋತ, ಮಂದಿ ನೂಕಿಕೋತ ಮುಂದ ಬಂದ. ಬರೂ ಭರಾಟ್ಯಾಗ ರಮಾಕಾಂತರ ಕಾಲು ತುಳದ. ತುಳದ ಕೂಡಲೇ ಬಗ್ಗಿ ಮುಟ್ಟಿ ಕಣ್ಣಿಗೆ ಒತ್ತಿಕೊಂಡು "ತಪ್ಪಾತ್ರಿ" ಅಂದ. ಅಂದು ಮತ್ತ ಒದರಲಿಕ್ಕೆ ಬಾಯಿ ತಗದ.

ರಮಾಕಾಂತ ಅವನ ರೆಟ್ಟಿ ಹಿಡದ್ರು. "ನಿಂದರ್ರಿ. ನೀವು ಈಗ ಯಾವ ಗುನ್ಹೆಕ್ಕ ಮಾಫಿ ಕೇಳಿದ್ರಿ?"

ಯಜ್ಞೇಶ್ವರ ಪಿಳಿಪಿಳಿ ನೋಡಿದ. ಹಿಂದ ಯಾರೋ ಕಿಸಕ್ ಅಂದ್ರು, ಆಮ್ಯಾಲ ಇಡೀ ಏರಿ ನಕ್ಕಿತು. ಯಜ್ಞೇಶ್ವರನೂ ನಾಚಿ ನಕ್ಕ. ನನಗ ಮಾತ್ರ ನಗು ಬರಲಿಲ್ಲ, ಮುಂದ ಏನದ ಅಂತ ನನಗ ಗೊತ್ತಿತ್ತು.

"ಇಲ್ಲೆ ಎಲ್ಲಾರಿಗೂ ತಿಳೀತು" ಅಂದ್ರು ರಮಾಕಾಂತ. "ಆದ್ರ ಮುಂಬಯಿ, ಪುಣೆ ಹುಡುಗ್ರು ಪೇಪರ್ ಓದ್ಯಾರ. ಮಾಫಿ ಕೇಳಿಲ್ಲ ಅಂತ ಮಡಿವಾಳಪ್ಪ ತಮ್ಮ ಸಹಿ ಹಾಕಿ ಕೊಡಬೇಕು. ಕೊಟ್ರ ಗುರುವಾರ ಆಗ್ತದ, ಇಲ್ಲಾಂದ್ರ ಇಲ್ಲ. ಕೊಡ್ರಿ ಅಂತ ನಾ ಅನ್ನೂದಿಲ್ಲ, ಅದು ನಿಮಗ ಬಿಟ್ಟದ್ದು."

ಮಡಿವಾಳಪ್ಪ ಕೆರಿ ನೀರಿನ ಕಡೆ ನೋಡಿಕೋತ ನಿಂತ. ಆಮ್ಯಾಲ ಅವ ಅಂದ, "ಕಾಲು ತಾಕಿದ್ದಕ್ಕ ನಾ ದಿನಾ ತಪ್ಪಾತು ಅಂತೇನ್ರಿ. ಝೇಂಡಾ ಕಟ್ಟಿದ್ದಕ್ಕ ಅಂದಿಲ್ಲ, ಅನ್ನಾಂಗೂ ಇಲ್ಲ. ಪೆನ್ನು ಕೊಡ್ರಿ." ಹೆಡ್ ಕ್ಲರ್ಕ ಹೇಳಿ ಹೋದದ್ದನ್ನ ಸಭಾದಾಗ ಒಂದು ಮಾತೂ ಆಡಲಿಲ್ಲ.

ಗುರುವಾರ ಆತು. ಅಲ್ಲಿ ಬಂದ್, ಇಲ್ಲಿ ಮೆರವಣಿಗಿ ಅಂತ ತಾರಿನ ಮ್ಯಾಲ ತಾರು ಬಂದವು. ನಮ್ಮ ಮಾರಿ ಕಾಣದವರು, ನಮ್ಮೂರ ಹೆಸರು ನೆಟ್ಟಗ ಅನ್ನಲಿಕ್ಕೆ ಬರದವರು, ನಮ್ಮ ಹುಡುಗರ ಸಲುವಾಗಿ ಬಿಸಲಾಗ ನಿಂತಿದ್ರು. ಅವತ್ತು ನಾ ಖುಷಿಗೆ ಅತ್ತೆ, ಸುಳ್ಳ್ಯಾಕ ಹೇಳಲಿ. ಶುಕ್ರವಾರ ಸಾಹೇಬ ರಮಾಕಾಂತರನ್ನೂ ನನ್ನನ್ನೂ ಕರಸಿದ. ಬಾಳಕೃಷ್ಣ, ಮೌಲಾಲಿಗೆ ಟರ್ಮ್ ಕೊಡ್ತೀನಿ ಅಂದ. ಮಡಿವಾಳಪ್ಪನ ಹೆಸರು ಮಾತ್ರ ಕಾಲೇಜಿನಿಂದ ತಗೀತೀನಿ, ಅವ ನನ್ನನ್ನ ಊರ ಮುಂದ ಸುಳ್ಳಗಾರನ್ನ ಮಾಡಿದ, ಅದರಾಗ ಮಾತಿಲ್ಲ ಅಂದ. ಪರೀಕ್ಷಾದ ಅರ್ಜಿ ಮರುದಿನ ಮುಂಬಯಿ ಯುನಿವರ್ಸಿಟಿಗೆ ಹೋಗೂವು, ಸಂಜಿಯೊಳಗ ಜವಾಬು ಬೇಕು ಅಂದ.

ಮತ್ತ ಕೆಲಗೇರಿ ಏರಿ. ನಾ ಎದ್ದು ಹೇಳಿದೆ, ಇದು ರಾಜಿ ಅಲ್ಲ, ಒಬ್ಬನ್ನ ಬಲಿ ಕೊಟ್ಟು ಇಬ್ಬರನ್ನ ಬಿಡಿಸಿಕೊಳ್ಳೂದು, ಇನ್ನೊಂದು ವಾರ ಹರತಾಳ ನಡಸೂಣು ಅಂತ. ಭಾಳ ಮಂದಿ ಹೌದು ಹೌದು ಅಂದ್ರು. ರಮಾಕಾಂತ ಮುಚ್ಚಿಡಲಿಲ್ಲ. "ನಡಸ್ರಿ, ಮಹಾಮಂಡಳ ನಿಮ್ಮ ಹಿಂದ ಅದ. ಆದ್ರ ಅರ್ಜಿ ನಾಳೆ ಹೋಗ್ತಾವ. ಆಮ್ಯಾಲ ಗೆದ್ರೂ ಈ ವರ್ಷ ಮೂವರದೂ ಹೋಗ್ತದ. ಶಿಕ್ಷಾ ಮೂವರ ಮ್ಯಾಲ ಅದ, ಮೂವರೂ ಒಪ್ಪಬೇಕು. ಒಬ್ಬರು ಒಲ್ಲೆ ಅಂದ್ರೂ ನಾ ಸಾಹೇಬಗ ಒಲ್ಲೆ ಅಂತ ಹೇಳ್ತೀನಿ."

ಠರಾವು ಸಭಾದ ಮುಂದ ಇಡಬೇಕಾದವ ಸೆಕ್ರೆಟರಿ. ಮಡಿವಾಳಪ್ಪ ಎದ್ದು, ಸಾಹೇಬನ ಮಾತು ಇದ್ದದ್ದು ಇದ್ದಾಂಗ ಹೇಳಿದ. ತನ್ನ ಹೆಸರು ಬಂದಲ್ಲೂ ದನಿ ಬದಲಾಗಲಿಲ್ಲ. "ಒಪ್ಪಿದವರು ಕೈ ಎತ್ರಿ" ಅಂದ.

ಒಂದು ಕೈಯೂ ಏಳಲಿಲ್ಲ. ಅವ ಸುತ್ತ ನೋಡಿ, ತನ್ನ ಕೈ ಎತ್ತಿದ. "ಸೆಕ್ರೆಟರಿಗೂ ಒಂದು ಮತ ಐತ್ರಿ" ಅಂದ. ಆಮ್ಯಾಲ ಒಂದೊಂದ ಕೈ ಎದ್ದವು. ನಾ ಎತ್ತಲಿಲ್ಲ. ಇವತ್ತು ಕೇಳಿದ್ರೂ ಎತ್ತೂದಿಲ್ಲ.

ಬಾಳಕೃಷ್ಣ, ಮೌಲಾಲಿ ತಲಿ ಬಗ್ಗಿಸಿಕೊಂಡು ಕೂತಿದ್ರು. ಮಡಿವಾಳಪ್ಪ ಅವರ ಮುಂದ ಹೋಗಿ ಕುಕ್ಕರಗಾಲಿಲೆ ಕೂತ.

"ನಿನ್ನ ತುಳದು ನಾ ಪರೀಕ್ಷಾಕ್ಕ ಕೂಡಾಂಗಿಲ್ಲ" ಅಂದ ಮೌಲಾಲಿ.

"ನಿಮ್ಮವ್ವನ ಕಣ್ಣು ಇನ್ನೆಷ್ಟು ದಿನಾ ಸೂಜಿ ಪೋಣಸ್ತಾವೋ?" ಅಂದ ಮಡಿವಾಳಪ್ಪ. "ನಾ ನಿನ್ನ ಕೈ ಹಿಡದು ಎತ್ತಬಹುದು. ಎತ್ತಿದ್ರ ಅದು ನಿನ್ನ ಮತ ಆಗಾಂಗಿಲ್ಲ. ನೀನ ಎತ್ತಬೇಕು. ಲಗೂ ಎತ್ತಪಾ, ಅವರೆಲ್ಲಾರ ಕೈ ನೋಯಾಕತ್ತಾವ."

ಬಾಳಕೃಷ್ಣನ ಕೈ ಎದ್ದಿತು. ಮೌಲಾಲಿ ಒಂದು ಕೈಲೆ ಮಾರಿ ಮುಚ್ಚಿಕೊಂಡು ಇನ್ನೊಂದು ಎತ್ತಿದ. ಮಡಿವಾಳಪ್ಪ ಎದ್ದು ನಿಂತು, ಸಭಾಕ್ಕ ಕೇಳೂಹಾಂಗ, "ಠರಾವು ಪಾಸ್ ಆತ್ರಿ" ಅಂದ. ಮರುದಿನ ಅವನ ಹೆಸರು ಹೊಡದ್ರು, ಅವ ಅಪ್ಪನ ವರ್ಕ್‌ಶಾಪಿಗೆ ಹೋದ. ನಮ್ಮ ಸಂಘ ವಿದ್ಯಾರ್ಥಿಗಳದು, ಹಿಂಗಾಗಿ ಅಲ್ಲೂ ಅವ ಮೆಂಬರ್ ಆಗಿ ಉಳೀಲಿಲ್ಲ.