ಪೋನಿಯೆಮ್ ತಡೆದು ಆಡಿದ ಮಾತು

ಜಾವಾದ ಪಾತಿ ಎಂಬ ಊರಿನ ಒಂದು ಕೆತೊಪ್ರಾಕ್ ನಾಟಕ ಮೇಳದಲ್ಲಿ, ರಾಜಮಾತೆಯ ವೇಷವೆಂದರೆ ಪೋನಿಯೆಮ್‌ಳದೇ. ಈ ನಾಟಕಕ್ಕೆ ಬರೆದಿಟ್ಟ ಮಾತಿಲ್ಲ. ಬಣ್ಣ ಹಚ್ಚುವ ಹೊತ್ತಿಗೆ ನಿರ್ದೇಶಕ ಕಥೆಯನ್ನಷ್ಟೇ ಹೇಳುತ್ತಾನೆ, ಮಾತು ಅವರವರದು. ಪೋನಿಯೆಮ್‌ಳಲ್ಲಿ ಮಾತಿಗಿಂತ ದೊಡ್ಡದು, ಅವಳು ಮಾತು ತಡೆದು ನಿಲ್ಲುವ ಹೊತ್ತು. ಚಿಕ್ಕಂದಿನಲ್ಲಿ ಅವ್ವನ ಎದುರು ಭತ್ತ ಕುಟ್ಟುತ್ತ ಕಲಿತದ್ದದು. ಎದುರಿನ ಒನಕೆ ಮೇಲೇಳುವ ಮುಂಚೆ ನಮ್ಮದನ್ನು ಇಳಿಸಿದರೆ ಒನಕೆಗೆ ಒನಕೆ ಬಡಿಯುತ್ತದೆ, ಅಷ್ಟೇ.

ಹೊಸ ನಿರ್ದೇಶಕ ಹಂಡೋಕೊಗೆ ಇದು ಎಲ್ಲಿ ತಿಳಿಯಬೇಕು! ರಂಗದ ಪಕ್ಕ ಕೂತು ಮರದ ಪೆಟ್ಟಿಗೆಯನ್ನು ಕೊಡತಿಯಿಂದ ಕುಟ್ಟುವವನು ಅವನೇ. ಅವನು ಕುಟ್ಟಿದರೆ ಗಮೆಲಾನ್ ವಾದ್ಯದವರು ಬಾರಿಸಬೇಕು, ದೃಶ್ಯ ಮುಗಿಯಬೇಕು.

“ಪೋನಿಯೆಮ್ ಅಮ್ಮಾ, ನೀವು ಬಾಯಿ ಮುಚ್ಕೊಂಡು ನಿಂತ್ರೆ ಜನ ಎದ್ದು ಹೋಗ್ತಾರೆ. ಇವತ್ತು ಎಳೆದ್ರೆ ಕುಟ್ಟಿಬಿಡ್ತೀನಿ. ನಾಳೆಯಿಂದ ರಾಜಮಾತೆ ವೇಷಾನೂ ಇಲ್ಲ.”

“ಕುಟ್ಟಪ್ಪ. ನಿನ್ ಕೈ, ನಿನ್ ಪೆಟ್ಟಿಗೆ,” ಅಂದಳು ಪೋನಿಯೆಮ್, ಕನ್ನಡಿಯಿಂದ ಕಣ್ಣು ತೆಗೆಯದೆ.

ಮಧ್ಯಾಹ್ನದ ಆಟ. ರಾಜ್ಯಕ್ಕೆ ದ್ರೋಹ ಬಗೆದ ಮಗ ಕಾಲಿಗೆ ಬಿದ್ದಿದ್ದ. “ನನಗೊಬ್ಬ ಮಗ ಇದ್ದ,” ಅಂದು ಪೋನಿಯೆಮ್ ಮಾತು ತಡೆದು ನಿಂತಳು. ಬೇಯಿಸಿದ ಶೇಂಗಾ ಮಾರುವವಳೂ ಕೂಗು ನಿಲ್ಲಿಸಿದಳು.

ಠಕ್! ಗಮೆಲಾನ್ ಮೊಳಗಿತು. ಅವಳ ಮಾತು ಅರ್ಧಕ್ಕೇ ನಿಂತಿತು. ಎಂಥ ಅನ್ಯಾಯ!

ಅವಳು ಕದಲಲಿಲ್ಲ. ರಾಜಮಾತೆಯಾಗಿಯೇ ವಾದ್ಯದವರತ್ತ ತಿರುಗಿದಳು. “ಏನ್ರೋ ಗದ್ದಲ? ನನ್ನ ಅರಮನೇಲಿ ನಾನಿನ್ನೂ ಮಾತು ಮುಗಿಸಿಲ್ಲ.”

ಮದ್ದಳೆಯವನು ಹಂಡೋಕೊನ ಮುಖ ನೋಡಿದ, ಅವಳ ಮುಖ ನೋಡಿದ, ಕೈ ತೆಗೆದ. ಒಂದೊಂದಾಗಿ ವಾದ್ಯಗಳು ನಿಂತವು. ಪೋನಿಯೆಮ್ ಮತ್ತೆ ಮೊದಲಿನಷ್ಟೇ ತಡೆದಳು. ಆಮೇಲೆ, “ಅವನು ಸತ್ತ,” ಅಂದಳು. ಹೆಂಗಸರು ಗೊಳೋ ಎಂದು ಅತ್ತರು.

ಹಂಡೋಕೊ ಹೇಳಿದ್ದನ್ನು ಮಾಡಿಯೇ ಬಿಟ್ಟ. ಮರುದಿನ ರಾಜಮಾತೆಯ ವೇಷ ಅವನ ನಾದಿನಿಗೆ ಹೋಯಿತು, ಪೋನಿಯೆಮ್‌ಗೆ ದಾಸಿಯ ವೇಷ ಬಂತು.

“ಒಂದೇ ಮಾತು. ‘ಅಪ್ಪಣೆ’ ಅನ್ನಿ, ಹೊರಟುಬಿಡಿ.”

“ಒಂದು ಸಾಕು ಬಿಡು,” ಅಂದು ಅವಳು ನಕ್ಕಳು.

ಆ ದಿನದ ಆಟದಲ್ಲಿ ಹೊಸ ರಾಜಮಾತೆ ವಿಷ ಬೆರೆಸಿದ ಬಟ್ಟಲನ್ನು ಅವಳ ಕೈಗಿತ್ತು, “ಹೋಗು, ಯುವರಾಜನಿಗೆ ಕುಡಿಸು,” ಎಂದು ಗಡಗಡನೆ ಹೇಳಿ ಮುಗಿಸಿದಳು. ಪೋನಿಯೆಮ್ ಬಟ್ಟಲು ನೋಡಿದಳು. ಮಾತಾಡಲಿಲ್ಲ. ಚಾಪೆಯ ಮೇಲಿನ ಜನ ಮುಂದಕ್ಕೆ ಬಾಗಿದರು. ಹಂಡೋಕೊ ಕೊಡತಿ ಎತ್ತಿದ. ಮದ್ದಳೆಯವನು ಎರಡೂ ಕೈಯನ್ನು ತೊಡೆಯ ಮೇಲಿಟ್ಟುಕೊಂಡು ಎತ್ತಲೋ ನೋಡುತ್ತ ಕೂತ. ಉಳಿದವರೂ ಹಾಗೆಯೇ ಕೂತರು; ಕುಟ್ಟಿದರೂ ಬಾರಿಸುವವರಿರಲಿಲ್ಲ.

ಎತ್ತಿದ ಕೊಡತಿ ಎತ್ತಿದಲ್ಲೇ ಇತ್ತು. ಪೋನಿಯೆಮ್ ಅದನ್ನೊಮ್ಮೆ ನೋಡಿದಳು, ಬಟ್ಟಲನ್ನೊಮ್ಮೆ ನೋಡಿದಳು. ತನಗೆ ಸಾಕೆನಿಸಿದ ಮೇಲೆ, “ಅಪ್ಪಣೆ,” ಅಂದಳು.